ಎಲ್ಲ ಪಾಠಗಳೂ ಕನ್ನಡದ ಪಾಠಗಳೇ
(ಕುಂದಾಪುರದಲ್ಲಿ ಕೂಡಿದ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



೧೮೬೨ರಲ್ಲಿ ಕನ್ನಡ ಜಿಲ್ಲೆಯ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟು, ದಕ್ಷಿಣ ಭಾಗವನ್ನು ಮದರಾಸಿನಲ್ಲಿಯೇ ಉಳಿಸಿಕೊಂಡ ಮೇಲೆ, ಬೈಂದೂರಿನವನೂ ಭಟ್ಕಳದವನೂ ಕನ್ನಡಿಗರಾಗಿದ್ದೂ ಎರಡು ಪ್ರಾಂತಗಳ ಪ್ರಜೆಗಳಾಗಿ ತೊಂಬತ್ತಕ್ಕೂ ಮಿಕ್ಕ ವರ್ಷಗಳನ್ನು ಕಳೆದರು. ೧೯೫೬ರ ನವೆಂಬರ ೧ರಂದು ಆ ಗಡಿಗೆರೆ ಅಳಿಯಿತು. ಆದರೆ ನಮ್ಮ ಶಾಲೆಗಳ ಒಳಗೆ ಇನ್ನೊಂದು ಗೆರೆ ಉಳಿದಿದೆ. ಓದು ಬರಹಗಳನ್ನು ಕಲಿಸುವುದು ಕನ್ನಡ ಪಂಡಿತರ ಕೆಲಸ, ವಿಷಯವನ್ನು ತಿಳಿಸುವುದಷ್ಟೇ ವಿಜ್ಞಾನ, ಸಮಾಜ ಪಾಠಗಳ ಉಪಾಧ್ಯಾಯರ ಕೆಲಸ ಎಂದು ನಾವೆಲ್ಲರೂ ಒಪ್ಪಿಕೊಂಡು ಕುಳಿತಿದ್ದೇವೆ. ಈ ಗೆರೆಯ ವಿಷಯವಾಗಿ ತಮ್ಮಲ್ಲಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ವಿಜ್ಞಾನದ ತರಗತಿಯಲ್ಲಿ ನಡೆಯುವುದೇನು? ಉಪಾಧ್ಯಾಯರು ಪಾಠಪುಸ್ತಕವನ್ನು ಓದುತ್ತಾರೆ. ಊರ ಮಾತಿನಲ್ಲಿ ಚೆನ್ನಾಗಿಯೇ ಬಿಡಿಸಿ ಹೇಳುತ್ತಾರೆ. ಬಳಿಕ ಪ್ರಶ್ನೋತ್ತರಗಳನ್ನು ಹೇಳಿ ಬರೆಯಿಸುತ್ತಾರೆ. ಹುಡುಗನು ಬರೆದುಕೊಳ್ಳುತ್ತಾನೆ, ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ವರ್ಷವಿಡೀ ಅವನು ಒಂದು ಪುಟವನ್ನು ತಾನಾಗಿ ಓದಿ ತಿಳಿದುಕೊಂಡದ್ದಿಲ್ಲ. ತನ್ನದೆಂಬ ಒಂದು ವಾಕ್ಯವನ್ನು ಬರೆದದ್ದಿಲ್ಲ. ಇದನ್ನು ದೂರಲು ನನಗೆ ಬಾಯಿಲ್ಲ. ನಾನೂ ಬಹುಕಾಲ ಹೀಗೆಯೇ ಕಲಿಸಿದವನು.

ನಮ್ಮ ಕಣ್ಣೆದುರಿನ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕಾ ಎಂಬ ಐದು ಹೊಳೆಗಳು ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಅಲ್ಲಿಯ ಮೀನುಗಾರರ ಮಗುವಿಗೆ ಉಬ್ಬರ ಇಳಿತಗಳನ್ನು ಯಾರೂ ಕಲಿಸಬೇಕಾಗಿಲ್ಲ. ‘ಹುಣ್ಮಿಗೆ ನೀರ್ ಜಾಸ್ತಿ ಬತ್ತ್’ ಎಂದು ಅದೇ ನಮಗೆ ಹೇಳೀತು. ಅದೇ ಮಗುವಿನ ಕೈಗೆ ಇಂತಹ ಒಂದು ವಾಕ್ಯವನ್ನು ಕೊಡಿರಿ. ಪಾಠಪುಸ್ತಕದ ಧಾಟಿಯಲ್ಲಿ ನಾನೇ ಕಟ್ಟಿದ್ದು: ‘ಚಂದ್ರಸೂರ್ಯರ ಗುರುತ್ವಾಕರ್ಷಣೆಯಿಂದ ಸಾಗರಜಲದಲ್ಲಿ ನಿಯತಕಾಲಿಕವಾಗಿ ಉಂಟಾಗುವ ಏರಿಳಿತವೇ ಉಬ್ಬರವಿಳಿತ.’ ಮಗು ಅಲ್ಲಿಯೇ ನಿಂತುಬಿಡುತ್ತದೆ. ‘ನಿಯತಕಾಲಿಕ’ವೆಂದರೆ ವಾಚನಾಲಯದಲ್ಲಿ ದೊರೆಯುವ ಪತ್ರಿಕೆಯಲ್ಲವೇ ಎಂದು ಚುರುಕಾದ ಹುಡುಗನು ಕೇಳಿದರೂ ಕೇಳಿಯಾನು, ಕೇಳಿದರೆ ಅವನನ್ನು ಗದರಿಸಬೇಡಿರಿ, ಅವನು ಓದಿರುವನೆಂದು ಸಂತೋಷಪಡಿರಿ.

ಇಲ್ಲಿ ತೊಡಕಾದದ್ದು ಚಂದ್ರನಲ್ಲ, ವಾಕ್ಯ. ಇದನ್ನು ಓದುವ ಬಗೆಯನ್ನು ವಿಜ್ಞಾನದ ಉಪಾಧ್ಯಾಯರೇ ತೋರಿಸಬೇಕು. ಲಕ್ಷಣವನ್ನು ಹೇಳುವ ವಾಕ್ಯದಲ್ಲಿ ಹೆಸರು ಕೊನೆಗೆ ಬರುವುದುಂಟು. ಆದುದರಿಂದ ಮೊದಲು ಕೊನೆಯನ್ನು ನೋಡಬೇಕು. ‘ಉಂಟಾಗುವ’ ಎಂದೊಡನೆ ಏನು ಉಂಟಾಗುವುದೆಂದು ಮುಂದಿನ ಪದವನ್ನು ಹುಡುಕಬೇಕು. ‘ಮನೆಯಿಂದ ಬಂದೆ’ ಎಂಬಲ್ಲಿಯ ‘ಇಂದ’ ಎಡೆಯನ್ನು ತಿಳಿಸುತ್ತದೆ. ‘ಆಕರ್ಷಣೆಯಿಂದ’ ಎಂಬಲ್ಲಿಯದು ಕಾರಣವನ್ನು. ವ್ಯಾಕರಣದ ಪಾಠದಲ್ಲಿ ತೃತೀಯಾ ವಿಭಕ್ತಿಯೆಂದು ಉರುಹೊಡೆದದ್ದು ಇಲ್ಲಿ ಬೆಳಕಾಗುತ್ತದೆ. ಇದಕ್ಕೆ ಹಿಡಿಯುವುದು ಹತ್ತು ನಿಮಿಷ.

ಇನ್ನು ಬರಹ. ಹೊಳೆಯಂಚಿನಲ್ಲಿ, ದೊಡ್ಡವರೊಬ್ಬರ ಕಾವಲಿನಲ್ಲಿ, ಗುರುತು ಹಾಕಿದ ಒಂದು ಗಳುವನ್ನು ನೆಡಿರಿ. ಹಗಲಿನಲ್ಲಿ ನೀರು ತುಂಬಿ ನಿಂತ ಹೊತ್ತನ್ನೂ ಎತ್ತರವನ್ನೂ ಹದಿನೈದು ದಿನ ಮಕ್ಕಳು ಬರೆದಿಡಲಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ೫೦ ನಿಮಿಷ ತಡವಾಗುತ್ತ ಹೋಗುವುದು ಅವರ ಅಂಕಿಗಳಲ್ಲಿಯೇ ಮೂಡುತ್ತದೆ. ಆಗ ‘ಕಂಡದ್ದು ಇದು, ಊಹಿಸಿದ್ದು ಇದು’ ಎಂದು ಬೇರೆ ಬೇರೆಯಾಗಿ ಬರೆಯಹೇಳಿರಿ. ಮೊದಮೊದಲು ಊರ ಮಾತಿನಲ್ಲಿಯೇ ಬರೆಯಲಿ. ಗ್ರಂಥಭಾಷೆಯು ಆಮೇಲೆ ಬರುತ್ತದೆ. ಮೊದಲ ದಿನವೇ ಕೆಂಪು ಮಸಿಯಿಂದ ತಿದ್ದಿದರೆ ಎರಡನೆಯ ದಿನ ಮಗು ಬರೆಯಲಾರದು.

ಸಮಾಜ ಪಾಠದ ವಾಕ್ಯಗಳ ತೊಡಕು ಬೇರೆ ತೆರನಾದುದು. ‘ಗೇಣಿದಾರರಿಗೆ ಭೂಮಿಯ ಒಡೆತನವನ್ನು ನೀಡಲಾಯಿತು’ ಎಂದು ಬರೆದಿರುತ್ತದೆ. ಓದಲು ಬಹು ಸುಲಭ. ಆದರೆ ನೀಡಿದವರಾರು? ಯಾರಿಂದ ತೆಗೆದು ನೀಡಿದರು? ‘ನೀಡಲಾಯಿತು’ ಎಂಬ ಕ್ರಿಯಾಪದವು ಕರ್ತೃವನ್ನೇ ನುಂಗಿಬಿಟ್ಟಿದೆ. ಚರಿತ್ರೆಯನ್ನು ಓದಲು ಕಲಿಯುವುದೆಂದರೆ ಆ ಕರ್ತೃವನ್ನು ಹುಡುಕಿ ತೆಗೆಯುವುದು. ನಮ್ಮ ಸೀಮೆಯಲ್ಲಿ ಮೂಲಗೇಣಿ, ಚಾಲಗೇಣಿಗಳೆಂಬ ಮಾತುಗಳು ಇನ್ನೂ ಹಿರಿಯರ ಬಾಯಲ್ಲಿವೆ. ತಿದ್ದುಪಡಿಯಾದ ಕಾಯಿದೆಯಂತೆ ೧೯೭೪ರ ಮಾರ್ಚಿ ೧ರಂದು ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ ೭ರಲ್ಲಿ ಅರ್ಜಿ ಹಾಕಿಕೊಂಡು ಭೂನ್ಯಾಯಮಂಡಳಿಯ ಮುಂದೆ ನಿಂತರು. ಆ ಅರ್ಜಿಯ ಪ್ರತಿಯೋ ತೀರ್ಮಾನದ ಕಾಗದವೋ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿದೆ. ಮನೆಯವರ ಒಪ್ಪಿಗೆಯಿಂದ ಅಂತಹ ಒಂದನ್ನು ಮಕ್ಕಳು ಓದಲಿ. ಪಡೆದ ಮನೆಯ ಅಜ್ಜಿಯೂ ಕಳೆದುಕೊಂಡ ಮನೆಯ ಅಜ್ಜನೂ ಹೇಳುವುದನ್ನು ಬರೆದು ತರಲಿ. ಎರಡೂ ಒಂದೇ ಆಗಿರುವುದಿಲ್ಲ. ತರಗತಿಯಲ್ಲಿ ಇಬ್ಬರ ಮೊಮ್ಮಕ್ಕಳೂ ಅಕ್ಕಪಕ್ಕ ಕುಳಿತಿರಬಹುದಾದ್ದರಿಂದ ಉಪಾಧ್ಯಾಯರು ಬಹಳ ಹದವರಿತು ನಡೆಯಬೇಕಾದ ಪಾಠವಿದು.

ಇದೇನೂ ಹೊರಗಿನ ಹೊಸ ಹುಚ್ಚಲ್ಲ. ಇಂಗ್ಲೆಂಡಿನ ಬುಲಕ್ ಸಮಿತಿಯು ೧೯೭೫ರಲ್ಲಿ ಭಾಷೆಯನ್ನು ಎಲ್ಲ ಪಾಠಗಳ ಹೊಣೆಯೆಂದು ಸಾರಿತು. ನಮ್ಮಲ್ಲಿಯೂ ೨೦೧೪ರ ನಿಯಮಗಳ ತರುವಾಯ ಬಿ.ಎಡ್. ವ್ಯಾಸಂಗದಲ್ಲಿ ಈ ವಿಷಯ ಸೇರಿತು. ಆದರೆ ಅವರಿಗಿಂತ ಮೊದಲೇ, ೧೯೧೮ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಲು ಮುಂದಾದರು. ೧೯೩೬ರಲ್ಲಿ ನಮ್ಮ ಕೋಟದವರೇ ಆದ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿತ್ತರು. ಬರೆಯುವವರು ಬರೆದರು. ಓದಲು ಕಲಿಸಬೇಕಾದವರು ನಾವು ಹಿಂದೆ ಬಿದ್ದೆವು. ತಾಯಿತಂದೆಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವರೆಂದು ಮರುಗುತ್ತೇವಲ್ಲ, ಕನ್ನಡದಲ್ಲಿ ವಿಜ್ಞಾನವನ್ನು ತಾನಾಗಿ ಓದಬಲ್ಲ ಒಬ್ಬ ಹುಡುಗನನ್ನು ಅವರಿಗೆ ತೋರಿಸಬಲ್ಲೆವೇ?

‘ಪಾಠಗಳು ಮುಗಿಯುವುದಿಲ್ಲ’ ಎಂದು ತಾವು ಹೇಳುವಿರಿ. ನಿಜವೇ. ಎಲ್ಲ ಪಾಠಗಳನ್ನೂ ಹೀಗೆ ನಡೆಸಲು ಆಗದು. ತಿಂಗಳಿಗೆ ಒಂದು ಪುಟ ಓದು, ಒಂದು ಪುಟ ಬರಹ, ಇಷ್ಟನ್ನು ಮಾತ್ರ ಬೇಡುತ್ತೇನೆ. ಗಂಗೊಳ್ಳಿಯ ಮಕ್ಕಳು ಬರೆದ ಉಬ್ಬರದ ಲೆಕ್ಕವನ್ನು ಬಾರಕೂರಿನ ಸೀತಾನದಿಯ ದಡದವರಿಗೂ ಮರವಂತೆಯವರಿಗೂ ಕಳುಹಿಸಲಿ. ಒಳನಾಡಿಗೆ ಹೋದಂತೆ ನೀರು ಏರುವ ಹೊತ್ತು ಏಕೆ ಹಿಂದೆ ಬೀಳುವುದೆಂದು ಅವರು ಕಾಗದದಲ್ಲಿ ವಾದಿಸಲಿ. ಒಂದು ಪ್ರತಿಯನ್ನು ಕಾಸರಗೋಡಿನ ಕನ್ನಡ ಶಾಲೆಗೂ ಹಾಕಿರಿ. ಚಂದ್ರಗಿರಿಯ ಉತ್ತರದ ಆ ನೆಲವು ನಮ್ಮದೆಂದು ಮಹಾಜನ ಆಯೋಗವು ೧೯೬೭ರಲ್ಲಿ ಹೇಳಿತು, ಆದರೂ ಅದು ಕೇರಳದಲ್ಲಿಯೇ ಉಳಿಯಿತು. ಅಲ್ಲಿಯ ಅಳಿವೆಯಲ್ಲಿಯೂ ದಿನಕ್ಕೆ ಎರಡು ಸಲ ನೀರು ಏರುತ್ತದೆ. ಅಲ್ಲಿಯ ಮಕ್ಕಳು ಕನ್ನಡದಲ್ಲಿ ಮಾರುತ್ತರ ಬರೆಯುವರು.