ಒಣಗುವ ಕಣ್ಣುಗಳು: ತಿಳಿವಳಿಕೆ ಮತ್ತು ಆರೈಕೆ

(ವಾರ್ಷಿಕೋತ್ಸವದ ಅಂಗವಾಗಿ ನಡೆದ ಪಾಲಕರ ಸಭೆಯಲ್ಲಿ ನೇತ್ರವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)





ಕಣ್ಣಿನ ವೈದ್ಯರು ಬಂದಿದ್ದಾರೆ ಎಂದರೆ ಪೊರೆಯ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಮಾತನಾಡುತ್ತಾರೆ ಎಂದು ನೀವು ಭಾವಿಸಿರಬಹುದು. ನಾನು ಆಯ್ದುಕೊಂಡಿರುವುದು ಅದಕ್ಕಿಂತ ಸಣ್ಣದೆಂದು ಎಲ್ಲರೂ ತಿಳಿದಿರುವ ಒಂದು ತೊಂದರೆ. ಕಣ್ಣು ಒಣಗುವುದು. ವೈದ್ಯರ ಭಾಷೆಯಲ್ಲಿ ಡ್ರೈ ಐ. ಈ ತೊಂದರೆಯಿಂದ ದೃಷ್ಟಿ ಹೋಗುವುದು ಅಪರೂಪ. ಆದರೆ ಇದಕ್ಕೆ ನಾವು ನಾವೇ ಮಾಡಿಕೊಳ್ಳುವ ಮದ್ದಿನಿಂದ ದೃಷ್ಟಿ ಹೋಗಬಹುದು. ಈ ವಿಷಯವನ್ನು ಆಯ್ದುಕೊಂಡದ್ದು ಅದಕ್ಕಾಗಿಯೇ.

"ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ", "ಸಂಜೆಯಾಗುವಾಗ ಉರಿ", "ಓದುತ್ತಾ ಓದುತ್ತಾ ಅಕ್ಷರ ಮಬ್ಬಾಗುತ್ತದೆ, ಎರಡು ಸಲ ಮಿಟುಕಿಸಿದರೆ ಸರಿಯಾಗುತ್ತದೆ." ಈ ಮೂರೂ ಒಣಗುವ ಕಣ್ಣಿನ ಮಾತುಗಳು. ನಾಲ್ಕನೆಯದು ಜನರಿಗೆ ನಂಬಲು ಕಷ್ಟ: "ಗಾಳಿಗೆ ಹೋದರೆ ಕಣ್ಣಿಂದ ನೀರು ಸುರಿಯುತ್ತದೆ." ನೀರು ಸುರಿಯುವ ಕಣ್ಣು ಒಣಗಿದೆ ಎಂದರೆ ವೈದ್ಯರಿಗೇ ಏನೋ ಆಗಿದೆ ಎಂದುಕೊಳ್ಳುತ್ತಾರೆ! ಆದರೆ ಅದು ನಿಜವಿರಬಹುದು. ಹೇಗೆಂದು ಹೇಳುತ್ತೇನೆ.

ನಮ್ಮ ಕಣ್ಣಿನ ಮೇಲೆ ಸದಾ ಒಂದು ತೆಳುವಾದ ಪದರ ಇರುತ್ತದೆ. ಎಷ್ಟು ತೆಳು ಎಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ನಾಲ್ಕು ಪಾಲಿನಷ್ಟು. ಅದರ ತಳದಲ್ಲಿ ಅಂಟಿನಂಥ ಲೋಳೆ, ನಡುವೆ ಉಪ್ಪುನೀರು, ಎಲ್ಲಕ್ಕಿಂತ ಮೇಲೆ ಎಣ್ಣೆ. ಹಾಲಿನ ಮೇಲೆ ಕೆನೆ ಇದ್ದ ಹಾಗೆ ಈ ಎಣ್ಣೆ ನೀರನ್ನು ಆರದಂತೆ ಕಾಯುತ್ತದೆ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಕುಳಿತಿರುವ ಸಣ್ಣ ಗ್ರಂಥಿಗಳಿಂದ ಈ ಎಣ್ಣೆ ಬರುತ್ತದೆ. 1666ರಲ್ಲಿ ಜರ್ಮನಿಯ ಮೈಬೋಮ್ ಎಂಬ ವೈದ್ಯ ಇವುಗಳನ್ನು ವಿವರಿಸಿದ್ದರಿಂದ ಇವಕ್ಕೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ಎಣ್ಣೆ ಕಡಿಮೆಯಾದರೆ ನೀರು ಬೇಗ ಆರುತ್ತದೆ, ಕಣ್ಣು ಕೆರಳುತ್ತದೆ. ಆಗ ಮೆದುಳಿನ ಆಜ್ಞೆಯಂತೆ ದೊಡ್ಡ ಕಣ್ಣೀರು ಗ್ರಂಥಿ ಒಮ್ಮೆಗೇ ನೀರು ಬಿಡುತ್ತದೆ. ಎಣ್ಣೆಯಿಲ್ಲದ ಆ ನೀರು ಕೆನ್ನೆಗೆ ಇಳಿದು ಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ಒಣಗುವ ಕಣ್ಣಿನಿಂದ ನೀರು ಸುರಿಯುವುದು ಹೀಗೆ.

ಮಿಟುಕಿಸಿದಾಗಲೆಲ್ಲ ಈ ಪದರ ಹೊಸದಾಗುತ್ತದೆ. ಮಾತನಾಡುತ್ತಾ ಕುಳಿತಿರುವಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುತ್ತೇವೆ. ಮೊಬೈಲ್, ಕಂಪ್ಯೂಟರ್ ನೋಡುವಾಗ ಅದು ಅರ್ಧಕ್ಕಿಂತಲೂ ಕೆಳಗೆ ಇಳಿಯುವುದುಂಟು. ಮಿಟುಕಿಸಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಸಿಇಟಿಗೆ ಓದುವ ಮಕ್ಕಳು, ಹಿಫ್ಝ್ ಮಾಡುವ ಮಕ್ಕಳು, ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳು, ಬೀಡಿ ಕಟ್ಟುವ ತಾಯಂದಿರು, ಎಲ್ಲರದೂ ಇದೇ ಕಥೆ. ಬೀಡಿ ಕಟ್ಟುವವರಿಗೆ ಹೊಗೆಸೊಪ್ಪಿನ ಧೂಳೂ ಸೇರುತ್ತದೆ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಹುಡುಗರಿಗೆ ಹೊರಗೆ ಮರಳಿನ ಗಾಳಿ, ಒಳಗೆ ಏಸಿಯ ಒಣ ಗಾಳಿ. ಡ್ರೈವರ್ ಆಗಿದ್ದರೆ ಏಸಿಯ ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತಿರುತ್ತದೆ. ಅದನ್ನು ಎದೆಯ ಕಡೆಗೆ ತಿರುಗಿಸಿಕೊಳ್ಳಿ ಎಂದು ಫೋನಿನಲ್ಲಿ ಹೇಳಿ. ದುಡ್ಡು ಖರ್ಚಿಲ್ಲದ ಚಿಕಿತ್ಸೆ ಅದು.

ವಯಸ್ಸು, ಮುಟ್ಟು ನಿಂತ ನಂತರದ ಬದಲಾವಣೆ, ಸಕ್ಕರೆ ಕಾಯಿಲೆ, ಶೀತಕ್ಕೆ ಮತ್ತು ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳು, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್, ಇವುಗಳಿಂದಲೂ ಕಣ್ಣು ಒಣಗುತ್ತದೆ. ಕಣ್ಣಿನ ಜೊತೆಗೆ ಬಾಯಿಯೂ ಒಣಗಿ, ನೀರು ಕುಡಿಯದೆ ರೊಟ್ಟಿ ನುಂಗಲಾಗದು, ಗಂಟುಗಳಲ್ಲೂ ನೋವು ಎನ್ನುವ ಮಹಿಳೆಯರು ರಕ್ತ ಪರೀಕ್ಷೆ ಮಾಡಿಸಲೇಬೇಕು. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಶೋಗ್ರೆನ್ ಗುರುತಿಸಿದ ಕಾಯಿಲೆ ಅದಾಗಿರಬಹುದು. ಅದು ಕಣ್ಣಿಗೆ ಮಾತ್ರ ಸೀಮಿತವಲ್ಲ, ಇಡೀ ಶರೀರದ್ದು.

ಚಿಕ್ಕ ಮಕ್ಕಳ ಮಾತು ಬೇರೆ. ಮಗು ಮಗ್ರಿಬ್ ಹೊತ್ತಿನಲ್ಲಿ ಎಡವುತ್ತಿದ್ದರೆ, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಕಂಡರೆ, ಅದು ಎ ಜೀವಸತ್ವದ ಕೊರತೆ. ಅದಕ್ಕೆ ಡ್ರಾಪ್ಸ್ ಪರಿಹಾರವಲ್ಲ, ಅಂದೇ ಆಸ್ಪತ್ರೆಗೆ ಒಯ್ಯಬೇಕು. 9 ತಿಂಗಳಿಂದ 5 ವರ್ಷದವರೆಗೆ ಸರ್ಕಾರ ಉಚಿತವಾಗಿ ಕೊಡುವ ವಿಟಮಿನ್ ಎ ದ್ರಾವಣವನ್ನು ತಪ್ಪಿಸಬೇಡಿ.

ಪರೀಕ್ಷೆಗೆ ಹೆದರಬೇಕಾಗಿಲ್ಲ. ಕೆಳ ರೆಪ್ಪೆಗೆ ಕಾಗದದ ಒಂದು ಸಣ್ಣ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತೇವೆ. 1903ರಲ್ಲಿ ಶಿರ್ಮರ್ ಎಂಬವರು ತಿಳಿಸಿಕೊಟ್ಟ ವಿಧಾನ, ಇಂದಿಗೂ ನಡೆಯುತ್ತಿದೆ. 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಸಾಮಾನ್ಯವಾಗಿ ಸರಿಯಿದೆ ಎಂದರ್ಥ, 5ಕ್ಕಿಂತ ಕಡಿಮೆಯಾದರೆ ನೀರು ಸಾಲದು. ಹಳದಿ ಬಣ್ಣದ ದ್ರವ ಹಾಕಿ, ಕಣ್ಣೀರ ಪದರ ಎಷ್ಟು ಸೆಕೆಂಡಿನಲ್ಲಿ ಒಡೆಯುತ್ತದೆ ಎಂದೂ ನೋಡುತ್ತೇವೆ.

ಇನ್ನು ಆರೈಕೆ. ನಮ್ಮ ಊರಿನಲ್ಲಿ ಡಿಸೆಂಬರ್ ತಿಂಗಳ ಬೆಳಿಗ್ಗೆ ತೆಂಗಿನೆಣ್ಣೆಯ ಬಾಟಲಿ ಬೋರಲು ಹಾಕಿದರೂ ಎಣ್ಣೆ ಬೀಳುವುದಿಲ್ಲ. ಏನು ಮಾಡುತ್ತೀರಿ? ಬಿಸಿಲಿಗೆ ಇಡುತ್ತೀರಿ. ರೆಪ್ಪೆಯ ಗ್ರಂಥಿಗಳಲ್ಲಿ ಗಟ್ಟಿಯಾದ ಎಣ್ಣೆಗೂ ಅದೇ ಉಪಾಯ. ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಮೊದಲು ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡಿಕೊಂಡು, ಮುಚ್ಚಿದ ರೆಪ್ಪೆಯ ಮೇಲೆ ಇಡಿ. ಆರಿದೊಡನೆ ಮತ್ತೆ ಅದ್ದಿ, ಒಟ್ಟು 5ರಿಂದ 10 ನಿಮಿಷ. ಆಮೇಲೆ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ ಹಗುರವಾಗಿ ಸವರಿ. ಕಣ್ಣುಗುಡ್ಡೆ ಒತ್ತಬೇಡಿ. ದಿನಕ್ಕೆರಡು ಬಾರಿ, ಕೆಲವು ವಾರ. ಎರಡೇ ದಿನ ಮಾಡಿ ಗುಣವಾಗಲಿಲ್ಲ ಎನ್ನುವವರೇ ಹೆಚ್ಚು.

ಕಣ್ಣುರಿಗೆ ನೀರು ಎರಚಿಕೊಳ್ಳುವ ಅಭ್ಯಾಸ ಬಹಳ ಮಂದಿಗೆ ಇದೆ. ವುಝೂವಿನಲ್ಲಿ ಮುಖ ತೊಳೆಯಬೇಕೇ ಹೊರತು ಕಣ್ಣಿನೊಳಗೆ ನೀರು ಹಾಕಬೇಕೆಂದಿಲ್ಲ. ನಲ್ಲಿಯ ನೀರು ಇರುವಷ್ಟು ಪದರವನ್ನೂ ತೊಳೆದು ಹಾಕುತ್ತದೆ. ಬೇಕಾದದ್ದು ಕೃತಕ ಕಣ್ಣೀರು, ಅಂದರೆ ಕಾರ್ಬಾಕ್ಸಿ ಮೀಥೈಲ್ ಸೆಲ್ಯುಲೋಸ್ ಮುಂತಾದವು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಾಕಬೇಕಾದವರು ಕೆಡದಂತೆ ಬೆರೆಸುವ ರಾಸಾಯನಿಕ ಇಲ್ಲದ್ದನ್ನೇ ಕೇಳಿ ಪಡೆಯಿರಿ, ಆ ರಾಸಾಯನಿಕವೇ ಕಣ್ಣನ್ನು ಕೆರಳಿಸುತ್ತದೆ. ಮೀನೆಣ್ಣೆಯ ಕ್ಯಾಪ್ಸೂಲಿನ ಬಗ್ಗೆ ಬಹಳ ಮಂದಿ ಕೇಳುತ್ತಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಒಂದು ವರ್ಷ ಅದನ್ನು ನುಂಗಿದವರಿಗೆ ಆಲಿವ್ ಎಣ್ಣೆ ನುಂಗಿದವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಕರಾವಳಿಯವರಾದ ನಾವು ಬಂಗುಡೆ, ಬೂತಾಯಿ ತಿಂದುಕೊಂಡಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಆರಂಭದಲ್ಲಿ ಹೇಳಿದ ಅಪಾಯಕ್ಕೆ ಬರುತ್ತೇನೆ. ಕಣ್ಣು ಕೆಂಪಾದೊಡನೆ ಮೆಡಿಕಲ್‌ಗೆ ಹೋಗಿ "ಒಂದು ಡ್ರಾಪ್ಸ್ ಕೊಡಿ" ಎನ್ನುತ್ತೇವೆ. ಕೊಟ್ಟದ್ದರಲ್ಲಿ ಸ್ಟೀರಾಯ್ಡ್ ಇದ್ದರೆ ಮರುದಿನವೇ ಕಣ್ಣು ಬೆಳ್ಳಗಾಗುತ್ತದೆ. ಒಳ್ಳೆಯ ಮದ್ದು ಎಂದು ಖಾಲಿ ಬಾಟಲಿ ತೋರಿಸಿ ಮತ್ತೆ ತರುತ್ತೇವೆ, ತುರಿಕೆಯೆನ್ನುವ ಮಕ್ಕಳಿಗೂ ಹಾಕುತ್ತೇವೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಕಣ್ಣಿನ ಒಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಸಣ್ಣ ಪ್ರಾಯದಲ್ಲೇ ಪೊರೆ ಬೆಳೆಯಬಹುದು. ಪೊರೆ ತೆಗೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಯಾರ ಕೈಯಿಂದಲೂ ಮರಳದು. ಅದಕ್ಕೆ ನೋವೂ ಇರುವುದಿಲ್ಲ, ತಿಳಿಯುವಾಗ ತಡವಾಗಿರುತ್ತದೆ. ಸ್ಟೀರಾಯ್ಡ್ ಕೆಟ್ಟದ್ದಲ್ಲ, ನಾವೂ ಬರೆಯುತ್ತೇವೆ. ಆದರೆ ದಿನ ಎಣಿಸಿ, ಒತ್ತಡ ಅಳೆದು ಬರೆಯುತ್ತೇವೆ. ಮನೆಯ ಕಪಾಟಿನಲ್ಲಿರುವ ಬಾಟಲಿಗಳ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದು ಇದೆಯೇ ಎಂದು ಇಂದು ರಾತ್ರಿ ಮಕ್ಕಳಿಂದ ಓದಿಸಿ ನೋಡಿ. ಇದ್ದರೆ, ಬಾಟಲಿ ಸಹಿತ ವೈದ್ಯರನ್ನು ಕಾಣಿ.

ಸುರ್ಮಾದ ಬಗ್ಗೆ ಒಂದು ಮಾತು. ಅರಬಿಯಲ್ಲಿ ಕಣ್ಣಿನ ವೈದ್ಯನಿಗೆ ಕಹ್ಹಾಲ್ ಎಂದು ಹೆಸರು ಬಂದದ್ದೇ ಕುಹ್ಲ್, ಅಂದರೆ ಸುರ್ಮಾ ಎಂಬ ಪದದಿಂದ. ಅದರ ಮೇಲಿನ ಗೌರವ ನನಗೂ ಇದೆ. ಆದರೆ ಮಾರುಕಟ್ಟೆಯ ಎಷ್ಟೋ ಸುರ್ಮಾಗಳಲ್ಲಿ ಇರುವುದು ಸೀಸ. ಅದು ಮಕ್ಕಳ ಬುದ್ಧಿ ಬೆಳವಣಿಗೆಗೆ ಹಾನಿಕರ. ಹಸುಗೂಸಿನ ಕಣ್ಣಿಗೆ ಹಚ್ಚಲೇಬೇಡಿ.

ಕೊನೆಯದಾಗಿ, ರಮಝಾನ್ ಬಂದಾಗ ಹಲವರು ಗ್ಲಾಕೋಮಾದ ಡ್ರಾಪ್ಸನ್ನೂ ಹಗಲು ನಿಲ್ಲಿಸುತ್ತಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಉಲಮಾಗಳು, ಗಂಟಲಿಗೆ ಬಂದುದನ್ನು ನುಂಗದಿದ್ದರೆ ಕಣ್ಣಿನ ಡ್ರಾಪ್ಸಿನಿಂದ ಉಪವಾಸ ಮುರಿಯದು ಎಂದು ತೀರ್ಮಾನಿಸಿದ್ದಾರೆ. ಸಂಶಯವಿದ್ದವರು ತಮ್ಮ ಉಸ್ತಾದರಲ್ಲಿ ಕೇಳಿ, ಆದರೆ ಕೇಳದೆ ನಿಲ್ಲಿಸಬೇಡಿ. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಸಣ್ಣ ಕೊಳವೆ ಇರುವುದರಿಂದ ಗಂಟಲಲ್ಲಿ ಕಹಿ ಬರುತ್ತದೆ. ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಆ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಗಂಟಲಿಗೆ ಇಳಿಯುವುದು ಬಹಳ ಕಡಿಮೆಯಾಗುತ್ತದೆ, ಮದ್ದೂ ಕಣ್ಣಿನಲ್ಲೇ ಉಳಿಯುತ್ತದೆ.