ಎಲ್ಲರ ನೆಲಕ್ಕೆ ಒಂದು ಯೋಜನೆ
(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಊರು ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ಇಷ್ಟು ಮನೆ, ಇಷ್ಟು ಒಕ್ಕಲು ಎಂದು ನಾವು ಲೆಕ್ಕ ಕೊಡುತ್ತೇವೆ. ಆದರೆ ಮನೆಗಳಷ್ಟೇ ಊರಲ್ಲ. ಒಂದು ಎಲ್ಲೆಕಲ್ಲಿನಿಂದ ಇನ್ನೊಂದು ಎಲ್ಲೆಕಲ್ಲಿನವರೆಗೆ ಇರುವ ನೆಲವೆಲ್ಲವೂ ಊರೇ. ಅದರಲ್ಲಿ ಅವರವರ ಹೊಲ, ಗದ್ದೆ, ತೋಟಗಳನ್ನು ಬಿಟ್ಟರೆ ಉಳಿಯುವುದು ಗುಡ್ಡ, ಗೋಮಾಳ, ಗುಂಡುತೋಪು, ಕೆರೆ, ಗೋಕಟ್ಟೆ, ಹಳ್ಳ, ಕಾಲುವೆ, ಬಂಡಿ ದಾರಿ, ಸ್ಮಶಾನ, ದೇವರ ಬನ. ಇವು ಊರಿನ ಎಲ್ಲರಿಗೂ ಬೇಕಾದವು. ಎಲ್ಲರಿಗೂ ಬೇಕಾದದ್ದನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಇಂದು ನಾನು ಹೇಳಬೇಕೆಂದಿರುವ ಮಾತು ಒಂದೇ. ಈ ಎಲ್ಲರ ನೆಲವನ್ನು ಕಾಪಾಡಲು ಮತ್ತು ಸುಧಾರಿಸಲು ಪ್ರತಿಯೊಂದು ಊರೂ ತನ್ನದೇ ಆದ ಒಂದು ಯೋಜನೆಯನ್ನು ಮಾಡಿ ಬರೆದಿಡಬೇಕು. ಅದನ್ನು ಹೇಗೆ ಮಾಡಬಹುದೆಂಬುದನ್ನೂ ತಿಳಿಸುತ್ತೇನೆ.

ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿವೆ

ಮೊದಲು ಮಳೆಯ ನೀರನ್ನು ನೋಡಿರಿ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರು ನೀರು. ಗುಡ್ಡದ ಮೇಲೆ ಬಿದ್ದ ಈ ನೀರು ಗೋಮಾಳದ ಮೇಲೆ ಇಳಿದು, ಹಳ್ಳಕ್ಕೆ ಸೇರಿ, ರಾಜಕಾಲುವೆಯಲ್ಲಿ ಹರಿದು ಕೆರೆಗೆ ಬರುತ್ತದೆ. ಕೆರೆಯ ತೂಬಿನಿಂದ ಅಚ್ಚುಕಟ್ಟಿಗೆ ಹೋಗುತ್ತದೆ. ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ನಿಂತ ನೀರು ಭೂಮಿಯೊಳಗೆ ಇಂಗಿ ಬಾವಿಗಳಿಗೂ ಕೊಳವೆಬಾವಿಗಳಿಗೂ ಒದಗುತ್ತದೆ. ನಮ್ಮ ರಾಜ್ಯದಲ್ಲಿ ೩೬ ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದರೆ, ನಮ್ಮ ಹಿರಿಯರು ಈ ನೀರಿನ ದಾರಿಯನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು ತಿಳಿಯುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸಾಕು, ಉಳಿದವು ಕೆಡುತ್ತವೆ. ಗುಡ್ಡದಲ್ಲಿ ಹುಲ್ಲು ಗಿಡ ಇಲ್ಲದಿದ್ದರೆ ನೀರು ರಭಸದಿಂದ ಇಳಿದು ಮಣ್ಣನ್ನು ಕೊಚ್ಚುತ್ತದೆ. ಆ ಮಣ್ಣು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಕಾಲುವೆಯನ್ನು ಯಾರಾದರೂ ಉತ್ತು ಹೊಲಕ್ಕೆ ಸೇರಿಸಿಕೊಂಡರೆ, ಎಷ್ಟು ಮಳೆ ಬಂದರೂ ಕೆರೆ ತುಂಬುವುದಿಲ್ಲ. ಕೆರೆಯ ಹೂಳನ್ನು ಮಾತ್ರ ತೆಗೆಸಿ, ಮೇಲಿನ ಗುಡ್ಡವನ್ನೂ ಕಾಲುವೆಯನ್ನೂ ಹಾಗೆಯೇ ಬಿಟ್ಟ ಊರಿನಲ್ಲಿ ಕೆಲವೇ ವರ್ಷಗಳಲ್ಲಿ ಮತ್ತೆ ಹೂಳು ತುಂಬುತ್ತದೆ. ಖರ್ಚು ಮಾಡಿದ ಹಣ ವ್ಯರ್ಥವಾಗುತ್ತದೆ. ಆದುದರಿಂದ ಊರಿನ ನೆಲವನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ನೋಡಬೇಕು.

ನೆಲ ಹೇಗೆ ಕರಗಿತು?

ಎಲ್ಲರ ನೆಲ ಒಂದೇ ದಿನದಲ್ಲಿ ಹೋದದ್ದಲ್ಲ. ಪ್ರತಿ ವರ್ಷ ನೇಗಿಲು ಒಂದೊಂದು ಸಾಲು ಮುಂದೆ ಹೋಯಿತು. ಟ್ರ್ಯಾಕ್ಟರು ಬಂದ ಮೇಲೆ ಎರಡೆರಡು ಸಾಲು ಹೋಯಿತು. ಒಂದು ಲೆಕ್ಕ ಹಾಕೋಣ. ಒಂದು ಕಿಲೋಮೀಟರು ಉದ್ದದ ಬಂಡಿ ದಾರಿಯನ್ನು ಎರಡೂ ಕಡೆಯವರು ಮೂರು ಮೂರು ಅಡಿ ಒತ್ತಿದರೆ, ಊರಿಗೆ ನಷ್ಟವಾಗುವ ನೆಲ ೧೮ ಗುಂಟೆ. ಒತ್ತಿದವರಲ್ಲಿ ಯಾರಿಗೂ ಹೇಳಿಕೊಳ್ಳುವಂಥ ಲಾಭವಿಲ್ಲ. ಆದರೆ ಸುಗ್ಗಿಯಲ್ಲಿ ಎದುರು ಬದುರು ಬಂದ ಎರಡು ಗಾಡಿಗಳು ದಾಟಲಾರದೆ ನಿಂತು ಜಗಳವಾಗುತ್ತದೆ.

ಇಲ್ಲಿ ಒಂದು ಕಷ್ಟದ ಮಾತನ್ನೂ ಆಡಬೇಕು. ಗೋಮಾಳದಲ್ಲಿ ಸಾಗುವಳಿ ಮಾಡಿದವರಲ್ಲಿ ಬೇರೆ ನೆಲವೇ ಇಲ್ಲದ ಬಡವರೂ ಇದ್ದಾರೆ. ಬಗರ್ ಹುಕುಂ ಅರ್ಜಿ ಹಾಕಿಕೊಂಡು ಕಾದವರಿದ್ದಾರೆ. ಯೋಜನೆಯ ಹೆಸರಿನಲ್ಲಿ ಅಂಥವರ ತುಂಡು ನೆಲದ ಮೇಲೆ ಮೊದಲು ಕೈ ಹಾಕಿ, ಹತ್ತಾರು ಎಕರೆ ಇದ್ದೂ ಕೆರೆಯಂಗಳವನ್ನು ಸೇರಿಸಿಕೊಂಡವರನ್ನು ಬಿಟ್ಟರೆ ಅದು ನ್ಯಾಯವಲ್ಲ. ಬಡವರ ಅರ್ಜಿಗಳ ತೀರ್ಮಾನ ಕಾನೂನಿನ ಪ್ರಕಾರ ಆಗಲಿ. ಆದರೆ ಇದನ್ನೂ ನೆನಪಿಡಿರಿ: ಗೋಮಾಳ ಹೋದರೆ ಹೆಚ್ಚು ಕಷ್ಟಪಡುವವರು ಸಹ ನೆಲವಿಲ್ಲದವರೇ. ಹೊಲವಿದ್ದವನು ಬದುವಿನ ಹುಲ್ಲು ಕೊಯ್ದು ಎಮ್ಮೆ ಸಾಕಬಲ್ಲ. ಹೊಲವಿಲ್ಲದವನು ತನ್ನ ನಾಲ್ಕು ಕುರಿಗಳನ್ನು ಎಲ್ಲಿ ಮೇಯಿಸಬೇಕು?

ಸುಧಾರಣೆಯೂ ಯೋಚಿಸಿ ಆಗಬೇಕು

ಒಳ್ಳೆಯದಾಗಲೆಂದು ಮಾಡಿದ ಕೆಲಸವೂ ಕೆಲವು ಸಾರಿ ಕೆಡುಕಾಗುತ್ತದೆ. ೧೯೮೦ರ ದಶಕದಲ್ಲಿ ಸಾಮಾಜಿಕ ಅರಣ್ಯದ ಕಾಲಕ್ಕೆ ಕೋಲಾರದ ಕಡೆ ನೀಲಗಿರಿಯನ್ನು ವಿಶೇಷವಾಗಿ ಬೆಳೆಸಿದರು. ಬೇಗ ಬೆಳೆಯುತ್ತದೆ, ದನ ಮೇಯುವುದಿಲ್ಲ, ಮರಕ್ಕೆ ಬೆಲೆಯಿದೆ ಎಂಬುದು ನಿಜವಾಗಿತ್ತು. ಆದರೆ ಆ ತೋಪಿನ ಕೆಳಗೆ ದನಕ್ಕೆ ಹುಲ್ಲು ಸಿಕ್ಕಲಿಲ್ಲ. ಒಣ ಸೀಮೆಯ ನೆಲದಲ್ಲಿನ ನೀರನ್ನು ಅದು ಹೀರುತ್ತದೆಂಬ ದೂರು ಬಂದು, ೨೦೧೭ರಲ್ಲಿ ರಾಜ್ಯ ಸರಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಸೌದೆಗೆಂದು ಬಂದ ಬಳ್ಳಾರಿ ಜಾಲಿಯೂ ಹೀಗೆಯೇ. ಇಂದು ಅದು ಎಷ್ಟೋ ಕೆರೆಯಂಗಳಗಳನ್ನು ಮುಚ್ಚಿಕೊಂಡಿದೆ.

ಇದರಿಂದ ಕಲಿಯಬೇಕಾದ ಪಾಠವೇನೆಂದರೆ, ಯಾವ ಗಿಡ ಎಂದು ಕೇಳುವುದಕ್ಕೆ ಮುಂಚೆ ಯಾವ ಜಾಗ, ಯಾರ ಉಪಯೋಗಕ್ಕೆ ಎಂದು ಕೇಳಬೇಕು. ಕಾಲುವೆ ಮತ್ತು ಹಳ್ಳದ ದಂಡೆಗೆ ಹೊಂಗೆ, ಹಿಪ್ಪೆ, ನೇರಳೆ ಒಳ್ಳೆಯವು. ಹೊಂಗೆ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತದೆ. ಗುಂಡುತೋಪಿಗೆ ಹುಣಸೆ, ಮಾವು, ಹಲಸು ಇರಲಿ. ದಾರಿಯ ಬದಿಗೆ ಬೇವು, ಅತ್ತಿ, ಆಲ, ಅರಳಿ ಇರಲಿ. ಕೆರೆಯ ಏರಿಯ ಮೇಲೆ ಮಾತ್ರ ದೊಡ್ಡ ಮರ ಬೇಡ. ಬೇರು ಇಳಿದು ಏರಿ ಸಡಿಲವಾಗುತ್ತದೆ. ಅಲ್ಲಿ ಹುಲ್ಲು ಬೆಳೆಯಲಿ. ಹೊಲದ ಎಲ್ಲೆಗೆ ಲಾವಂಚ ಬಹಳ ಉಪಯುಕ್ತ. ಗುಂಡ್ಲುಪೇಟೆಯ ಕಡೆಯ ರೈತರು ಹಿಂದಿನಿಂದಲೂ ಇದನ್ನು ಎಲ್ಲೆಗೆ ನೆಟ್ಟು ಬಂದಿದ್ದಾರೆ. ಇದರ ಸಾಲು ಮಣ್ಣನ್ನು ಹಿಡಿಯುತ್ತದೆ, ಎಲ್ಲೆಯ ಗುರುತನ್ನೂ ಉಳಿಸುತ್ತದೆ.

ಯೋಜನೆ ಮಾಡುವ ಕ್ರಮ

ಮೊದಲನೆಯದಾಗಿ, ಕಾಗದಪತ್ರಗಳನ್ನು ಕೂಡಿಸಿರಿ. ಭೂಮಾಪನ ಇಲಾಖೆಯಿಂದ ಊರಿನ ಗ್ರಾಮ ನಕ್ಷೆಯನ್ನು ಪಡೆಯಿರಿ. ಕೆರೆ, ಗೋಮಾಳ, ತೋಪುಗಳ ಸರ್ವೆ ನಂಬರುಗಳ ಪಹಣಿ ತೆಗೆಸಿರಿ. ಪಹಣಿಯಲ್ಲಿ ಖರಾಬು ಎಂಬ ಲೆಕ್ಕವಿರುತ್ತದೆ. ಅದರಲ್ಲಿ 'ಅ' ಖರಾಬು ಎಂದರೆ ಬಂಡೆ ಮೊದಲಾದ ಕಾರಣದಿಂದ ಸಾಗುವಳಿಗೆ ಬಾರದ ನೆಲ. 'ಬ' ಖರಾಬು ಎಂದರೆ ದಾರಿ, ಹಳ್ಳ, ಕಾಲುವೆಯಂತಹ ಸಾರ್ವಜನಿಕ ಉಪಯೋಗದ ನೆಲ. ಅದು ಒಬ್ಬರ ಸರ್ವೆ ನಂಬರಿನೊಳಗೆ ಇದ್ದರೂ ಅವರ ಸ್ವಂತವಲ್ಲ. ಈ ಒಂದು ಅಕ್ಷರವನ್ನು ಓದಲು ಕಲಿತರೆ ಅರ್ಧ ಜಗಳ ತೀರುತ್ತದೆ.

ಗೋಮಾಳಕ್ಕೂ ಒಂದು ಅಳತೆಯಿದೆ. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳ ೯೭ನೆಯ ನಿಯಮದಲ್ಲಿ, ಪ್ರತಿ ನೂರು ರಾಸುಗಳಿಗೆ ೧೨ ಹೆಕ್ಟೇರು, ಅಂದರೆ ಸುಮಾರು ೩೦ ಎಕರೆ, ಮೇವಿನ ನೆಲ ಎಂದು ಹೇಳಿದೆ. ನಿಮ್ಮ ಊರಿನಲ್ಲಿ ೨೫೦ ರಾಸುಗಳಿದ್ದರೆ ಸುಮಾರು ೭೫ ಎಕರೆಯಾಯಿತು. ಜಾನುವಾರುಗಳ ಸಂಖ್ಯೆಯನ್ನೂ ಉಳಿದಿರುವ ಗೋಮಾಳವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿರಿ.

ಎರಡನೆಯದಾಗಿ, ನಕ್ಷೆ ಹಿಡಿದು ಊರಿನ ಎಲ್ಲೆಯನ್ನು ನಡೆಯಿರಿ. ಒಂದು ಸಾರಿ ಬೇಸಗೆಯಲ್ಲಿ ನಡೆದರೆ ಎಲ್ಲೆಕಲ್ಲುಗಳು ಕಾಣುತ್ತವೆ. ಇನ್ನೊಂದು ಸಾರಿ ಜೋರು ಮಳೆ ನಿಂತ ಕೂಡಲೇ ನಡೆದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಕೊರೆಯುತ್ತದೆ ಎಂಬುದು ಕಾಣುತ್ತದೆ. ಸದಸ್ಯರೂ ಮುಖಂಡರೂ ಮಾತ್ರ ಹೋದರೆ ಸಾಲದು. ಕುರಿ ಕಾಯುವವನಿಗೆ ಯಾವ ಇಳಿಜಾರಿನಲ್ಲಿ ಯಾವ ಹುಲ್ಲು ಬರುತ್ತದೆಂಬುದು ಗೊತ್ತು. ನೀರುಗಂಟಿಯ ಮನೆಯವರಿಗೆ ಹಳೆಯ ಕಾಲುವೆಯ ಜಾಡು ಗೊತ್ತು. ಸೌದೆ ಸೊಪ್ಪು ತರುವ ಹೆಂಗಸರಿಗೆ ಯಾವ ಮರ ಹೋಯಿತು, ಎಂದು ಹೋಯಿತು ಎಂಬುದು ಗೊತ್ತು. ಇವರೆಲ್ಲರನ್ನೂ ಕರೆಯಿರಿ.

ಮೂರನೆಯದಾಗಿ, ಕಂಡದ್ದನ್ನು ಮೂರು ಪಟ್ಟಿಯಾಗಿ ಬರೆಯಿರಿ. ಹಾಗೆಯೇ ಕಾಪಾಡಬೇಕಾದದ್ದು ಒಂದು ಪಟ್ಟಿ: ದೇವರ ಬನ, ಹಳೆಯ ಮರಗಳು, ಬತ್ತದ ಒರತೆಗಳು. ರಿಪೇರಿ ಮಾಡಬೇಕಾದದ್ದು ಇನ್ನೊಂದು: ಮುಚ್ಚಿದ ಕಾಲುವೆ, ಸೋರುವ ತೂಬು, ಕೊರಕಲು ಬಿದ್ದ ಇಳಿಜಾರು. ಹೊಸದಾಗಿ ಆಗಬೇಕಾದದ್ದು ಮೂರನೆಯದು: ತೋಪು, ಗೋಕಟ್ಟೆ, ನೆರಳಿನ ಸಾಲು. ಮೊದಲನೆಯ ಪಟ್ಟಿಗೆ ಹಣವೇ ಬೇಕಾಗಿಲ್ಲ. ಕೊಡಗಿನಲ್ಲಿ ೧,೨೦೦ಕ್ಕೂ ಹೆಚ್ಚು ದೇವರ ಕಾಡುಗಳಿವೆ. ಅವು ಇಂದಿಗೂ ಉಳಿದಿರುವುದಕ್ಕೆ ಊರವರ ಭಕ್ತಿ ಮತ್ತು ಕಟ್ಟುಪಾಡುಗಳು ಮುಖ್ಯ ಕಾರಣ.

ನಾಲ್ಕನೆಯದಾಗಿ, ಕೆಲಸವನ್ನು ಮೇಲಿನಿಂದ ಕೆಳಕ್ಕೆ ಮಾಡಿರಿ. ಮೊದಲು ಗುಡ್ಡ ಮತ್ತು ಗೋಮಾಳ, ಆಮೇಲೆ ಹಳ್ಳ ಮತ್ತು ಕಾಲುವೆ, ಕೊನೆಗೆ ಕೆರೆ. ಕೆರೆಯ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರವೇ ಸರಿ, ಆದರೆ ಏರಿಯ ಬುಡವನ್ನು ಅಗೆಯಬಾರದು. ಅಲ್ಲಲ್ಲಿ ಆಳವಾದ ಗುಂಡಿಗಳನ್ನೂ ಮಾಡಬಾರದು. ಮಕ್ಕಳೂ ದನಗಳೂ ಅವುಗಳಲ್ಲಿ ಬೀಳುವ ಅಪಾಯವಿದೆ.

ಐದನೆಯದಾಗಿ, ಗೋಮಾಳದ ಸರದಿಯನ್ನು ಗೊತ್ತುಮಾಡಿರಿ. ಇಡೀ ಗೋಮಾಳವನ್ನು ಮುಚ್ಚಿದರೆ ದನಗಳು ಎಲ್ಲಿಗೆ ಹೋಗಬೇಕು? ಆದುದರಿಂದ ಅದನ್ನು ಮೂರು ನಾಲ್ಕು ಭಾಗ ಮಾಡಿ, ಒಂದು ಭಾಗವನ್ನು ಮಾತ್ರ ಬಿಡುವು ಕೊಟ್ಟು ಕಾಯಿರಿ. ಅಲ್ಲಿಯ ಹುಲ್ಲನ್ನು ಎಲ್ಲರೂ ಕೊಯ್ದುಕೊಂಡು ಹೋಗಲಿ. ಸಸಿ ದನದ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ಆ ಭಾಗವನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರಿ. ಗಿಡ ನೆಡುವುದು ಒಂದು ದಿನದ ಕೆಲಸ. ಅದನ್ನು ಕಾಯುವುದು ಮೂರು ವರ್ಷದ ಕೆಲಸ. ಕಾಯುವವರ ಹೆಸರಿಲ್ಲದೆ ಒಂದು ಗಿಡವನ್ನೂ ನೆಡಬೇಡಿರಿ.

ಬರೆದದ್ದು ಉಳಿಯುತ್ತದೆ

ಇಷ್ಟಾದ ಮೇಲೆ ಈ ಯೋಜನೆಯನ್ನು ವಾರ್ಡು ಸಭೆಯಲ್ಲಿ ಓದಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿರಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮರ, ತೋಪು, ಹುಲ್ಲು, ಬನಗಳ ವಿವರವನ್ನು ಅದರ ದಾಖಲೆಯಲ್ಲಿ ಸೇರಿಸಿರಿ. ಎಲ್ಲೆ ತಕರಾರಿದ್ದ ಕಡೆ ಮೋಜಣಿದಾರರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಿರಿ.

ಬರೆಯುವುದು ಏಕೆ ಅಷ್ಟು ಮುಖ್ಯವೆಂದು ಕೇಳಬಹುದು. ಇಂಗ್ಲೆಂಡಿನ ಹಳ್ಳಿಗಳಲ್ಲೂ ನಮ್ಮ ಗೋಮಾಳದಂತಹ ಸಾಮೂಹಿಕ ನೆಲಗಳಿವೆ. ಅಲ್ಲಿ ೧೯೬೫ರಲ್ಲಿ ಒಂದು ಕಾಯಿದೆ ಮಾಡಿ, ಅಂತಹ ನೆಲಗಳನ್ನೆಲ್ಲ ನೋಂದಾಯಿಸಬೇಕೆಂದು ೧೯೭೦ರವರೆಗೆ ಅವಕಾಶ ಕೊಟ್ಟರು. ವಾಯಿದೆಯೊಳಗೆ ನೋಂದಾಯಿಸದೆ ಹೋದ ನೆಲ, ಎಷ್ಟೇ ಕಾಲದಿಂದ ಎಲ್ಲರದಾಗಿದ್ದರೂ, ಆ ಕಾಯಿದೆಯ ಪ್ರಕಾರ ಸಾಮೂಹಿಕ ನೆಲವೆನಿಸದೆ ಹೋಯಿತು.

ನಮ್ಮ ದೇಶದಲ್ಲಿ ಕಾನೂನು ಊರಿನ ಪಕ್ಷದಲ್ಲಿದೆ. ಪಂಜಾಬಿನ ಪಟಿಯಾಲ ಜಿಲ್ಲೆಯ ರೋಹಾರ್ ಜಾಗೀರ್ ಎಂಬ ಹಳ್ಳಿಯಲ್ಲಿ ಊರ ಕೆರೆಯ ಜಾಗವನ್ನು ಮಣ್ಣು ತುಂಬಿಸಿ ಮನೆ ಕಟ್ಟಲು ಹೊರಟವರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೨೦೧೧ರ ಜನವರಿಯಲ್ಲಿ ಕೋರ್ಟು ಊರಿನ ಪರವಾಗಿ ತೀರ್ಪು ಕೊಟ್ಟಿತು. ಊರೊಟ್ಟಿನ ನೆಲಗಳ ಒತ್ತುವರಿಯನ್ನು ತೆರವುಗೊಳಿಸಲು ಕ್ರಮ ಗೊತ್ತುಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಅಪ್ಪಣೆ ಮಾಡಿತು. ಆದರೆ ಕೋರ್ಟಿಗೆ ಹೋಗುವುದಕ್ಕೆ ವರ್ಷಗಳು ಬೇಕು, ಹಣವೂ ಬೇಕು. ಊರೊಳಗೇ ಕುಳಿತು ತೀರಿಸಿಕೊಂಡರೆ ಎರಡೂ ಉಳಿಯುತ್ತವೆ.

ಮೂರು ಅಡಿ ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ. ಮೊದಲು ಅವನು ಬಿಡಲಿ, ಆಮೇಲೆ ನಾನು ಎಂದು ಎಲ್ಲರೂ ಕೂತರೆ ಕಾಲುವೆ ಎಂದಿಗೂ ತೆರೆಯುವುದಿಲ್ಲ. ಆದುದರಿಂದ ಊರಿನಲ್ಲಿ ಮಾತು ನಡೆಯುವವರು, ಹೆಚ್ಚು ನೆಲವಿರುವವರು, ಪಂಚಾಯಿತಿಯಲ್ಲಿ ಕುಳಿತವರು ಮೊದಲು ತಮ್ಮ ಎಲ್ಲೆಯನ್ನು ಅಳೆಯಿಸಲಿ. ಅವರ ಬೇಲಿ ಹಿಂದೆ ಸರಿದರೆ ಉಳಿದವರ ಬೇಲಿ ತಾನೇ ಸರಿಯುತ್ತದೆ. ಇದರಲ್ಲಿ ಪಕ್ಷ ಪಂಗಡದ ಮಾತು ಬೇಡ. ಕೆರೆ ತುಂಬಿದರೆ ಎರಡು ಪಕ್ಷದವರ ಬಾವಿಗೂ ನೀರು ಬರುತ್ತದೆ.

ಕಡೆಯದಾಗಿ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಎಲ್ಲವನ್ನೂ ಈ ವರ್ಷವೇ ಮಾಡಿರೆಂದು ನಾನು ಹೇಳುವುದಿಲ್ಲ. ಮುಂದಿನ ಗ್ರಾಮಸಭೆಗೆ ಮುಂಚೆ ಗ್ರಾಮ ನಕ್ಷೆಯನ್ನು ತನ್ನಿರಿ, ಒಂದು ದಿನ ಗೊತ್ತುಮಾಡಿ ಎಲ್ಲರೂ ಕೂಡಿ ಎಲ್ಲೆಯನ್ನು ನಡೆಯಿರಿ. ಜೊತೆಯಲ್ಲಿ ಶಾಲೆಯ ಮಕ್ಕಳನ್ನೂ ಕರೆದೊಯ್ಯಿರಿ. ಇದು ಊರಿನ ಕಾಲುವೆ, ಇದು ಊರಿನ ತೋಪು ಎಂದು ಅವರಿಗೆ ಬೆರಳಿಟ್ಟು ತೋರಿಸಿರಿ. ನಾಳೆ ಈ ನೆಲವನ್ನು ಕಾಯಬೇಕಾದವರು ಅವರೇ.