ಕೋಟೆಯೊಳಗಿನ ಮನೆ

ನಿವೃತ್ತನಾದ ವರ್ಷ ನಮ್ಮ ಮನೆಯಲ್ಲಿ ಒಂದು ಸಣ್ಣ ಸಭೆ ಸೇರಿತು. ಮೇಷ್ಟ್ರು ಇನ್ನು ಎಲ್ಲಿರಬೇಕು ಎಂಬುದೊಂದೇ ವಿಷಯ. ಹೊಳೆನರಸೀಪುರದಲ್ಲಿ ಹಿರಿಯರ ಮನೆಯಿದೆ, ಹೇಮಾವತಿಯ ದಂಡೆಯಿದೆ, ನರಸಿಂಹಸ್ವಾಮಿಯ ಗುಡಿಯಿದೆ, ಬಂದುಬಿಡು ಎಂದರು ಅಣ್ಣ. ಬೆಂಗಳೂರಿಗೆ ಬನ್ನಿ, ಆಸ್ಪತ್ರೆ ಹತ್ತಿರ ಎಂದ ಮಗ. ಸೇವೆಯ ಕೊನೆಯ ವರ್ಷಗಳು ಮಂಡ್ಯದಲ್ಲಿ ಕಳೆದಿದ್ದರಿಂದ ನಾವಾಗ ಶ್ರೀರಂಗಪಟ್ಟಣದ ಕೋಟೆಯೊಳಗೆ, ನನ್ನಾಕೆಗೆ ಸೋದರಮಾವನಿಂದ ಬಂದ ಹೆಂಚಿನ ಮನೆಯಲ್ಲಿದ್ದೆವು. ಇಲ್ಲಿಯೇ ಇರುತ್ತೇನೆಂದೆ. "ಅಪ್ಪ, ಇದು ನೋಡಿಕೊಂಡು ಹೋಗುವ ಊರು, ಇರುವ ಊರಲ್ಲ" ಎಂದು ಮಗ ನಕ್ಕ.

ಮಾತಿನಲ್ಲಿ ಸತ್ಯವಿತ್ತು. ಕಾವೇರಿ ಎರಡು ಕವಲಾಗಿ ಬಳಸಿದ ಈ ದ್ವೀಪಕ್ಕೆ ಜನ ಬೆಳಗ್ಗೆ ಬಂದು, ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್ ಮುಗಿಸಿ, ಇಳಿಹೊತ್ತಿಗೆ ಮೈಸೂರಿನ ದಾರಿ ಹಿಡಿಯುತ್ತಾರೆ. ಈ ರೂಢಿ ಇಂದಿನದಲ್ಲ. 1610ರಿಂದ ಒಡೆಯರ ರಾಜಧಾನಿಯಾಗಿದ್ದ ಊರು 1799ರ ಮೇ 4ರಂದು ಟಿಪ್ಪುವಿನೊಡನೆ ಬಿದ್ದಿತು. ರಾಜಧಾನಿ ಮೈಸೂರಿಗೆ ಹೋಯಿತು. ಇಂಗ್ಲಿಷರ ದಂಡೂ ಜ್ವರದ ಕಾಟ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಹೊರಟಿತು. ಬಿಟ್ಟು ಹೋದವರ ಚರಿತ್ರೆಯನ್ನು ಬರೆದವರುಂಟು. ಉಳಿದವರ ವಿಚಾರ ತಿಳಿಯಬೇಕಾದರೆ ನಮ್ಮ ಬೀದಿಯ ಜಗುಲಿಗಳ ಮೇಲೆ ಕುಳಿತು ಕೇಳಬೇಕು.

ಉಳಿಯುವುದು ಸುಲಭವೂ ಅಲ್ಲ. 2010ರ ತಿದ್ದುಪಡಿಯಾದ ಕಾನೂನಿನಂತೆ ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ದುರಸ್ತಿಗೂ ಅಪ್ಪಣೆ ಬೇಕು. ನಮ್ಮ ಪಡಸಾಲೆಯ ತೊಲೆಗೆ ಗೆದ್ದಲು ಹಿಡಿದಾಗ ಅಪ್ಪಣೆಗಾಗಿ ಒಂದು ಮಳೆಗಾಲವೆಲ್ಲ ಕಾದೆವು, ಸೋರುವೆಡೆಯಲ್ಲಿ ಕೊಳದಪ್ಪಲೆಗಳನ್ನಿಟ್ಟುಕೊಂಡು. ನೆರೆಯಾತ, ಮೂವರು ಮಕ್ಕಳಿಗೆ ಮನೆ ಸಾಲದೆ, ಮೇಲೊಂದು ಕೋಣೆ ಕಟ್ಟಲಾಗದೆ, ಊರನ್ನೇ ಬಿಟ್ಟ. 2017ರಲ್ಲಿ ಜೋಡಿ ಹಳಿಗಾಗಿ ರೈಲ್ವೆಯವರು ಟಿಪ್ಪುವಿನ ಶಸ್ತ್ರಾಗಾರವನ್ನು ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದ್ದುಂಟು. "ಮದ್ದಿನ ಮನೆಗೆ ಜಾಗ ಹುಡುಕಿದರು ಸಾರ್, ನನಗೆ ಹುಡುಕಲಿಲ್ಲ" ಎಂದಿದ್ದ. ಸ್ಮಾರಕಗಳು ಉಳಿಯಬೇಕೆಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳಿದವನು ನಾನು. ಆ ದಿನ ಅವನೆದುರು ಬಾಯಿ ಬರಲಿಲ್ಲ.

ಆದರೂ ಏಕೆ ಇದ್ದೇನೆ? ಹಾಸನ, ಚನ್ನರಾಯಪಟ್ಟಣಗಳ ಕಾಲೇಜುಗಳಲ್ಲಿ ವರ್ಷವರ್ಷವೂ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ವನ್ನು ಪಾಠ ಹೇಳಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದ ಊಳಿಗದ ಹೆಣ್ಣು, ಹೆಣ್ಣನ್ನು ಹೀಗಳೆಯುವವರನ್ನು ಸಾಂಗತ್ಯದಲ್ಲಿ ಪ್ರಶ್ನಿಸಿದಳಲ್ಲ! ಆಕೆಗೂ ಹಿಂದೆ ಗೋವಿಂದವೈದ್ಯ ಇಲ್ಲಿನ ನವರಾತ್ರಿಯನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ. ಆ ಅರಮನೆ ಈಗಿಲ್ಲ. ಬೆಳಗ್ಗೆ ಹಾಲು ತರಲು ಗುಡಿಯ ಮುಂದಿನ ಬಯಲನ್ನು ಹಾಯುವಾಗ ಹೊನ್ನಮ್ಮ ಇಲ್ಲೇ ನಡೆದಿದ್ದಾಳೆ ಎನಿಸುತ್ತದೆ. ಹುಡುಗಾಟಿಕೆ ಎನ್ನಿ, ಪಾಠ ಹೇಳುವಾಗ ಮಾತ್ರ ಹೀಗೆ ಎನಿಸಿರಲಿಲ್ಲ.

ಅಣ್ಣನಿಗೆ ನಾನು ಕೊಟ್ಟ ಸಮಾಧಾನವೇ ಬೇರೆ. ಹೇಮಾವತಿ ನಮ್ಮೂರನ್ನು ದಾಟಿ, ಅಕ್ಕಿಹೆಬ್ಬಾಳಿನ ಬಳಿ ಕಾವೇರಿಯನ್ನು ಕೂಡಿ, ಕನ್ನಂಬಾಡಿ ಕಟ್ಟೆಯನ್ನು ಹಾದು ಇಲ್ಲಿಗೇ ಬರುತ್ತಾಳೆ. ಕಟ್ಟೆ ತುಂಬಿ ನೀರು ಬಿಟ್ಟ ದಿನ ಅವರಿಗೆ ಫೋನು ಮಾಡಿ, "ಅಣ್ಣ, ನಮ್ಮೂರ ನೀರು ಬಂತು" ಎನ್ನುತ್ತೇನೆ. ಕಳೆದ ಸಲ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನೇ ಬರ್ತೀನಿ ಬಿಡು. ತೊಲೆ ಹಾಕಿಸಿದೆಯೋ ಇಲ್ಲವೋ?" ಎಂದರು.